ಟ್ರ್ಯಾಕಿನಲ್ಲಿ ಬ್ರೇಕ್ ಕೈಕೊಟ್ಟರೆ: ಸಣ್ಣ ಕಾರಿನ ದೋಷವನ್ನು ಪೆಡಲ್‌ನಿಂದಲೇ ಪತ್ತೆ ಹಚ್ಚುವ ಬಗೆ

"ಮೂರ್ನಾಲ್ಕು ಲ್ಯಾಪ್ ತನಕ ಭಾರೀ ಇತ್ರೀ, ಆಮ್ಯಾಲೆ ಬ್ರೇಕ್ ಹತ್ತಲೇ ಇಲ್ಲ." ಹುಬ್ಬಳ್ಳಿ-ಧಾರವಾಡದಿಂದ ಮೊದಲ ಸಲ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಕ್ಕೆ, ಹೋಗಿ ಬಂದವರ ಬಾಯಲ್ಲಿ ಬಹುತೇಕ ಇದೇ ಮಾತು. ಗಾಡಿ ಯಾವ ಕಂಪನಿಯದ್ದೇ ಇರಲಿ, ದಿನಾ ಆಫೀಸಿಗೆ ಓಡಿಸುವ ಸಣ್ಣ ಕಾರು ಟ್ರ್ಯಾಕಿಗೆ ಇಳಿದಾಗ ಎಂಜಿನ್ ಸಾಮಾನ್ಯವಾಗಿ ತಕರಾರು ತೆಗೆಯುವುದಿಲ್ಲ. ಮೊದಲು ಸೋಲುವುದು ಬ್ರೇಕು. ಊರಿಗೆ ಮರಳಿ ಗ್ಯಾರೇಜಿಗೆ ಹೋದರೆ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: "ಪ್ಯಾಡ್ ಹೋಗ್ಯಾವ್ರೀ, ಹೊಸಾವು ಹಾಕಿಸ್ರಿ." ಹಾಕಿಸುತ್ತೀರಿ, ಮುಂದಿನ ಸಲವೂ ಅದೇ ಕತೆ.

ತೊಂದರೆ ಏನೆಂದರೆ, "ಬ್ರೇಕ್ ಹತ್ತಲಿಲ್ಲ" ಎಂಬ ಒಂದೇ ಮಾತಿನೊಳಗೆ ಐದಾರು ಬೇರೆ ಬೇರೆ ದೋಷಗಳು ಅಡಗಿವೆ. ಒಂದೊಂದರ ಮದ್ದೂ ಬೇರೆ. ಅವನ್ನು ಬಿಡಿಸಿ ಹೇಳುವುದು ನಿಮ್ಮ ಬಲಗಾಲಿನ ಕೆಳಗಿರುವ ಪೆಡಲ್. ಅದು ಎಷ್ಟು ಕೆಳಗೆ ಹೋಯಿತು, ಮೆತ್ತಗಿತ್ತೋ ಗಟ್ಟಿಯಿತ್ತೋ, ಎರಡನೇ ಸಲ ಒತ್ತಿದಾಗ ಮೇಲೆ ಬಂತೋ ಇಲ್ಲವೋ, ಇಷ್ಟನ್ನು ನೆನಪಿಟ್ಟುಕೊಂಡು ಬಂದರೆ ಅರ್ಧ ರೋಗ ಪತ್ತೆಯಾದಂತೆ. ಇದನ್ನು ಕೇಳದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮಿಸ್ತ್ರಿಯ ಹತ್ತಿರ ಟ್ರ್ಯಾಕ್ ಗಾಡಿ ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮಗೆ ಇನ್ನೊಂದು ಕಾರಣಕ್ಕೂ ಇದು ಮುಖ್ಯ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇರಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇರಲಿ, ಹುಬ್ಬಳ್ಳಿಯಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ. ಲಾರಿಯ ಮೇಲೆ ಕಾರು ಹೇರಿಕೊಂಡು ಹೋಗುವವರು ನಾವಲ್ಲ. ಅದೇ ಕಾರಿನಲ್ಲಿ ಹೋಗಿ, ಅದೇ ಕಾರಿನಲ್ಲಿ ಮನೆಗೆ ಬರಬೇಕು. ಹಾಗಾಗಿ ಮನೆಯಲ್ಲಿ ನಿಂತು ನೋಡಬಹುದಾದದ್ದನ್ನೆಲ್ಲ ಮನೆಯಲ್ಲೇ ನೋಡಿ ಮುಗಿಸಬೇಕು.

ಟ್ರ್ಯಾಕಿನ ಮೇಲೆ ಇರುವಾಗಲೇ ಪೆಡಲ್ ಕುಸಿದರೆ

ದೋಷ ಹುಡುಕುವುದು ಆಮೇಲೆ. ಆ ಕ್ಷಣದಲ್ಲಿ ಪೆಡಲನ್ನು ಬೇಗಬೇಗ ಎರಡು-ಮೂರು ಸಲ ಪಂಪ್ ಮಾಡಿ, ಗೇರನ್ನು ಒಂದೊಂದಾಗಿ ಇಳಿಸಿ, ತಿರುವು ಸಿಗದು ಅನಿಸಿದರೆ ಸ್ಟಿಯರಿಂಗ್ ಎಳೆದಾಡದೆ ನೇರವಾಗಿ ರನ್-ಆಫ್ ಜಾಗಕ್ಕೆ (ತಿರುವಿನ ಹೊರಗೆ ಬಿಟ್ಟಿರುವ ಖಾಲಿ ಜಾಗಕ್ಕೆ) ಹೋಗಿ. ಹ್ಯಾಂಡ್‌ಬ್ರೇಕನ್ನು ಗಕ್ಕನೆ ಎಳೆದರೆ ಹಿಂದಿನ ಚಕ್ರ ಕಟ್ಟಿ ಗಾಡಿ ತಿರುಗುತ್ತದೆ. ಪೆಡಲ್ ಮತ್ತೆ ಮೇಲೆ ಬಂದರೂ ಇನ್ನೊಂದು ಲ್ಯಾಪ್ ನೋಡೋಣ ಎನ್ನಬೇಡಿ, ನಿಧಾನಕ್ಕೆ ಟ್ರ್ಯಾಕಿನ ಪಕ್ಕ ಗಾಡಿ ನಿಲ್ಲಿಸುವ ಪಿಟ್‌ಗೆ ಬನ್ನಿ.

ಇಷ್ಟು ಬಿಸಿ ಎಲ್ಲಿಂದ ಬಂತು?

ಒಂದು ಸಣ್ಣ ಲೆಕ್ಕ ಮಾಡಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಚಾಲಕನೂ ಸೇರಿ ಗಾಡಿ 1,000 ಕಿಲೋ ಎಂದುಕೊಳ್ಳಿ. ಊರಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 139 ಕಿಲೋಜೂಲ್. ಟ್ರ್ಯಾಕಿನಲ್ಲಿ ನೇರದ ಕೊನೆಗೆ 130ರಿಂದ 60ಕ್ಕೆ ಇಳಿಸಿದರೆ, ಅಂದರೆ ನಿಲ್ಲಿಸದೆಯೇ, 513 ಕಿಲೋಜೂಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ಇದರಲ್ಲಿ ಸುಮಾರು ಮುಕ್ಕಾಲು ಪಾಲು ಮುಂದಿನ ಚಕ್ರಗಳ ಜೊತೆ ತಿರುಗುವ ಎರಡು ಬ್ರೇಕ್ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಡಿಸ್ಕ್ ಒಂದಕ್ಕೆ ನಾಲ್ಕೂವರೆ ಕಿಲೋ ಬೀಡುಕಬ್ಬಿಣ ಎಂದು ಹಿಡಿದರೆ, ಟ್ರ್ಯಾಕಿನ ಒಂದೊಂದು ಬ್ರೇಕಿಗೂ ಡಿಸ್ಕಿನ ಬಿಸಿ ಸುಮಾರು 80 ಡಿಗ್ರಿ ಏರುತ್ತದೆ. ಊರಿನಲ್ಲಾದರೆ ಇಪ್ಪತ್ತರ ಆಸುಪಾಸು, ಅದೂ ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಆರಿರುತ್ತದೆ. ಕರಿ ಟ್ರ್ಯಾಕಿನ ಉದ್ದ 2.1 ಕಿಲೋಮೀಟರ್ ಮಾತ್ರ. ಒಂದು ತಿರುವು ಮುಗಿದು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಬಂದಿರುತ್ತದೆ, ಡಿಸ್ಕ್ ತಣಿಯಲು ವೇಳೆ ಸಿಗುವುದಿಲ್ಲ. ಆ ಬಿಸಿ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನ ಬೆನ್ನಿನಿಂದ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಒಳಗಿನ ಬ್ರೇಕ್ ಆಯಿಲ್‌ಗೆ ದಾಟುತ್ತ ಹೋಗುತ್ತದೆ.

"ಬಿಸಿಲಿಗೆ ಹಂಗಾಗೇತಿ" ಎನ್ನುವವರಿದ್ದಾರೆ. ಏಪ್ರಿಲ್‌ನ 38 ಡಿಗ್ರಿಗೂ ಡಿಸೆಂಬರಿನ 28 ಡಿಗ್ರಿಗೂ ಇರುವ ಅಂತರ ಹತ್ತು. ಒಂದೇ ಒಂದು ಬ್ರೇಕು 80 ಏರಿಸುವ ಕಡೆ ಬಿಸಿಲಿನ ಪಾಲು ಬಹಳ ಚಿಕ್ಕದು.

ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ: ಆಯಿಲ್ ಕುದಿದಿದೆ

ಶುರುವಿನಲ್ಲಿ ಪೆಡಲ್ ಚೆನ್ನಾಗಿತ್ತು, ಲ್ಯಾಪ್ ಕಳೆದಂತೆ ಉದ್ದವಾಯಿತು, ಸ್ಪಂಜಿನ ಮೇಲೆ ಕಾಲಿಟ್ಟಂತಾಯಿತು, ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬಂತು, ಅರ್ಧ ಗಂಟೆ ನಿಲ್ಲಿಸಿದ ಮೇಲೆ ಏನೂ ಆಗಿಲ್ಲವೇನೋ ಎಂಬಂತೆ ಸರಿಹೋಯಿತು. ಹೊಸಬರ ಗಾಡಿಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ, ಇದೇ ಎಲ್ಲಕ್ಕಿಂತ ಅಪಾಯಕಾರಿ. ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಆ ಗುಳ್ಳೆಗಳನ್ನು ಅಮುಕುವುದಕ್ಕೇ ಖರ್ಚಾಗಿ ಪ್ಯಾಡಿಗೆ ಏನೂ ತಲುಪುವುದಿಲ್ಲ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಎದ್ದು ಬರುತ್ತದೆ. ಆದರೆ ಆಯಿಲ್ ಹಳೆಯದೇ. ಮುಂದಿನ ಸೆಷನ್‌ನಲ್ಲಿ ಮತ್ತೆ ಕುದಿಯುತ್ತದೆ.

ನಾವು ಬಳಸುವ ಡಾಟ್ 3, ಡಾಟ್ 4, ಡಾಟ್ 5.1 ದರ್ಜೆಯ ಆಯಿಲ್‌ಗಳು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದವು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ, ಡಾಟ್ 4 ಕನಿಷ್ಠ 230ರ ತನಕ, ಡಾಟ್ 5.1 ಕನಿಷ್ಠ 260ರ ತನಕ ಕುದಿಯಬಾರದು ಎಂಬುದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಅದೇ ಅಂಕಿಗಳು 140, 155, 180ಕ್ಕೆ ಇಳಿಯುತ್ತವೆ. ಅಂದರೆ ನೀರು ಕುಡಿದ ಡಾಟ್ 4, ಹೊಸ ಡಾಟ್ 3ಕ್ಕಿಂತ ಎಷ್ಟೋ ಕೆಳಗೆ. ಬಾಟಲಿಯ ಮೇಲಿನ ಅಂಕಿಗಿಂತ ಅದು ಎಷ್ಟು ಹೊಸದು ಎಂಬುದೇ ದೊಡ್ಡ ವಿಷಯ.

ಧಾರವಾಡದ ಜಿಟಿಜಿಟಿ ಮಳೆಯನ್ನು ಬಲ್ಲವರಿಗೆ ತೇವ ಎಲ್ಲಿಂದ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ. ರಬ್ಬರ್ ಹೋಸ್‌ಗಳ ಮೂಲಕ, ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೂಲಕ ತೇವ ಸದ್ದಿಲ್ಲದೆ ಒಳಗೆ ಹೋಗುತ್ತಲೇ ಇರುತ್ತದೆ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ರಸ್ತೆಯ ಮೇಲಿನ ಗಾಡಿಗೆ ಹೇಳಿದ ಮಾತು. ಟ್ರ್ಯಾಕಿಗೆ ಹೋಗುವ ಗಾಡಿಗೆ ಹೊರಡುವ ವಾರವೇ ಬದಲಿಸಿ.

ಧಾರವಾಡದ ಗೆಳೆಯರೊಬ್ಬರ ಐದು ವರ್ಷದ ಹ್ಯಾಚ್‌ಬ್ಯಾಕ್ ಇದಕ್ಕೆ ಸರಿಯಾದ ಉದಾಹರಣೆ. ಟ್ರ್ಯಾಕಿನಲ್ಲಿ ಪೆಡಲ್ ಕುಸಿಯಿತು, ಊಟದ ಹೊತ್ತಿಗೆ ಎದ್ದಿತು, ಮಧ್ಯಾಹ್ನ ಮತ್ತೆ ಕುಸಿಯಿತು. ಊರಿನ ಒಂದು ಗ್ಯಾರೇಜಿನವರು ಪ್ಯಾಡ್ ಜೊತೆ ಡಿಸ್ಕನ್ನೂ ಬದಲಿಸಿ ಬಿಲ್ ಮಾಡಿದರು. ಮುಂದಿನ ಟ್ರ್ಯಾಕ್ ಡೇಯಲ್ಲಿ ಮತ್ತದೇ. ಸರ್ವಿಸ್ ಬಿಲ್‌ಗಳನ್ನು ಒಟ್ಟಿಗೆ ಹರವಿಕೊಂಡು ಕೂತಾಗ ಗೊತ್ತಾಯಿತು: ಪ್ರತಿಯೊಂದರಲ್ಲೂ "ಬ್ರೇಕ್ ಆಯಿಲ್ ಟಾಪ್ ಅಪ್" ಎಂದಿದೆ, "ಬದಲಾವಣೆ" ಎಂದು ಒಂದರಲ್ಲೂ ಇಲ್ಲ. ಹಿಂದಿನ ಎಡ ಚಕ್ರದ ಬಳಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಬಿಚ್ಚಿದೆವು. ಮೊದಲು ಬಂದದ್ದು ಕಡುಗಂದು ಬಣ್ಣ, ಅದರಲ್ಲಿ ತೇಲುವ ಕರಿ ಕಣಗಳು. ಡಬ್ಬಿಯಲ್ಲಿ ಮೇಲಿನ ಆಯಿಲ್ ಹೊನ್ನಿನ ಬಣ್ಣದಲ್ಲಿ ಚಂದ ಕಾಣುತ್ತಿತ್ತು, ಯಾಕೆಂದರೆ ಟಾಪ್ ಅಪ್ ಮಾಡಿದ್ದು ಅಲ್ಲೇ ನಿಂತಿತ್ತು. ಕುದಿಯುವುದು ಡಬ್ಬಿಯಲ್ಲಲ್ಲ, ಕ್ಯಾಲಿಪರಿನಲ್ಲಿ. ಬಾನೆಟ್ ಎತ್ತಿ ಬಣ್ಣ ನೋಡಿ "ಚಲೋ ಐತಿ" ಎನ್ನುವುದರಲ್ಲಿ ಅರ್ಥವಿಲ್ಲ. ಪೂರ್ತಿ ಆಯಿಲ್ ಬದಲಿಸಿದ ಮೇಲೆ ಅದೇ ಡಿಸ್ಕ್, ಅದೇ ಪ್ಯಾಡ್‌ನಲ್ಲಿ ಪೆಡಲ್ ದಿನವಿಡೀ ಕದಲಲಿಲ್ಲ.

ಇದಕ್ಕೆ ನಮ್ಮ ಭಾಗದಲ್ಲೇ ಒಂದು ಮುನ್ಸೂಚನೆ ಸಿಗುತ್ತದೆ. ಯಲ್ಲಾಪುರ ದಾಟಿ ಅಂಕೋಲಾ ಕಡೆ ಅರಬೈಲ್ ಘಟ್ಟ ಇಳಿಯುವಾಗ ಯಾವತ್ತಾದರೂ ಪೆಡಲ್ ಒಂದಿಷ್ಟು ಮೆತ್ತಗಾದ ನೆನಪಿದ್ದರೆ, ಆ ಆಯಿಲ್ ಟ್ರ್ಯಾಕಿಗೆ ಬೇಡವೇ ಬೇಡ. ಹಾಗೆಂದು ಪರೀಕ್ಷೆ ಮಾಡಲಿಕ್ಕೆ ಘಟ್ಟಕ್ಕೆ ಹೋಗಬೇಡಿ.

ಬದಲಿಸುವಾಗ ಕೆಲವು ಮಾತು. ಸೀಲ್ ಒಡೆಯದ ಸಣ್ಣ ಬಾಟಲಿಯನ್ನೇ ಕೊಳ್ಳಿ. ಗ್ಯಾರೇಜಿನ ಕಪಾಟಿನಲ್ಲಿ ಅರ್ಧ ಉಳಿದ ಬಾಟಲಿ ಆಗಲೇ ನೀರು ಕುಡಿದಿರುತ್ತದೆ, ಪುಕ್ಕಟೆ ಕೊಟ್ಟರೂ ಬೇಡ. ಮೊದಲು ಡಬ್ಬಿಯಲ್ಲಿನ ಹಳೆಯದನ್ನು ಸಿರಿಂಜ್‌ನಿಂದ ಹೀರಿ ತೆಗೆಯಿರಿ. ಚಕ್ರಗಳ ಸರದಿ ನಿಮ್ಮ ಗಾಡಿಯ ಕೈಪಿಡಿ ಹೇಳಿದಂತೆ. ಅದರಲ್ಲಿ ಇಲ್ಲವಾದರೆ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗಕ್ಕೆ) ಅತಿ ದೂರದ ಚಕ್ರದಿಂದ ಶುರು. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡ. ಡಬ್ಬಿ ಖಾಲಿಯಾಗಿ ಗಾಳಿ ಎಳೆಯದಂತೆ ಒಬ್ಬರು ಮೇಲೆ ಕಣ್ಣಿಟ್ಟಿರಲಿ. ಹಳೆಯ ಗಾಡಿಯಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನಬಳಕೆಯಲ್ಲಿ ಮಾಸ್ಟರ್ ಸಿಲಿಂಡರಿನ ಸೀಲು ಮೇಲಿನ ಅರ್ಧದಲ್ಲೇ ಓಡಾಡಿಕೊಂಡಿರುತ್ತದೆ. ಬ್ಲೀಡ್ ಮಾಡುವಾಗ, ಅಂದರೆ ಹಳೆ ಆಯಿಲನ್ನೂ ಗಾಳಿಯನ್ನೂ ನಿಪ್ಪಲ್ ಮೂಲಕ ಹೊರಹಾಕುವಾಗ, ನೆಲದ ತನಕ ತುಳಿದರೆ ತುಕ್ಕು, ಕೊಳೆ ಕೂತ ಕೆಳಭಾಗಕ್ಕೆ ಉಜ್ಜಿ ಹರಿಯಬಹುದು. ಆಯಿಲ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಡಾಟ್ 5 ಎಂದು ಬರೆದ ಸಿಲಿಕೋನ್ ಆಯಿಲ್ ಬೇರೆ ಜಾತಿ, ಉಳಿದವುಗಳೊಂದಿಗೆ ಬೆರೆಸುವಂತಿಲ್ಲ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಅದು ಬೇಡ. ಕುದಿಬಿಂದು 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್‌ಗಳೂ ಸಿಗುತ್ತವೆ, ಆದರೆ ಅವನ್ನು ಪದೇಪದೇ ಬದಲಿಸುತ್ತಿರಬೇಕು. ಹೊಸಬರಿಗೆ ತಾಜಾ ಡಾಟ್ 4, ಅಥವಾ ಕೈಪಿಡಿ ಒಪ್ಪಿದರೆ ತಾಜಾ ಡಾಟ್ 5.1 ಸಾಕು.

ಬ್ಲೀಡ್ ಮಾಡಿದ ಮೇಲೂ ಪೆಡಲ್ ತಣ್ಣಗಿದ್ದಾಗಲೇ ಸ್ಪಂಜಿನಂತಿದ್ದರೆ ಅದು ಕುದಿತವಲ್ಲ, ಒಳಗೆ ಉಳಿದ ಗಾಳಿ. ಎಬಿಎಸ್ ಘಟಕದೊಳಗೆ ಗಾಳಿ ಸಿಕ್ಕಿಕೊಂಡರೆ ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಚ್ಚಿ ಅದರ ಪಂಪ್ ಓಡಿಸದೆ ಗಾಳಿ ಹೊರಬರುವುದಿಲ್ಲ.

ಪೆಡಲ್ ಎತ್ತರದಲ್ಲೇ ಗಟ್ಟಿಯಾಗಿದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ

ಇದು ಪ್ಯಾಡಿನ ದೋಷ. ಒತ್ತಡ ಸರಿಯಾಗಿ ತಲುಪುತ್ತಿದೆ, ಪ್ಯಾಡ್ ಹಿಡಿಯುತ್ತಿಲ್ಲ. ರಸ್ತೆಗೆಂದು ಮಾಡಿದ ಪ್ಯಾಡ್‌ಗಳು 300-400 ಡಿಗ್ರಿಯ ಆಚೆ ಹಿಡಿತ ಕಳೆದುಕೊಳ್ಳತೊಡಗುತ್ತವೆ. ಅದರ ಜೊತೆ ಮೂಗಿಗೆ ಹೊಡೆಯುವ ಸುಟ್ಟ ರಾಳದ ವಾಸನೆ, ಕೆಲವೊಮ್ಮೆ ಚಕ್ರದಿಂದ ತೆಳು ಹೊಗೆ. ಹೊಸ ಪ್ಯಾಡ್ ಹಾಕಿಸಿಕೊಂಡು ನೇರ ಟ್ರ್ಯಾಕಿಗೆ ಹೋದವರಿಗೆ ಇದು ಬೇಗ ಬರುತ್ತದೆ, ಏಕೆಂದರೆ ಒಳಗಿನ ರಾಳ ಮೊದಲ ಸಲ ಬಿಸಿಯಾಗುವಾಗ ಅನಿಲ ಬಿಡುತ್ತದೆ.

ತಣ್ಣಗಾದ ಮೇಲೆ ಚಕ್ರ ಬಿಚ್ಚಿ ಪ್ಯಾಡಿನ ಮುಖ ನೋಡಿ. ಆರೋಗ್ಯವಂತ ಪ್ಯಾಡ್ ಮಂಕು ಬೂದು, ಮುಟ್ಟಿದರೆ ನವಿರಾದ ಒರಟು. ಸುಟ್ಟ ಪ್ಯಾಡ್ ಗಾಜಿನ ಹೊಳಪು ಹೊಡೆಯುತ್ತದೆ, ಬೆರಳು ಜಾರುತ್ತದೆ. ಅಂಚು ಉದುರುತ್ತಿದ್ದರೆ, ಅಡ್ಡ ಬಿರುಕು ಹಿಂಬದಿಯ ಲೋಹದ ತನಕ ಹೋಗಿದ್ದರೆ ಆ ಪ್ಯಾಡಿನ ಆಯುಷ್ಯ ಮುಗಿದಿದೆ. ಹೊಳಪು ಮೇಲ್ಮೈಗೆ ಮಾತ್ರ ಸೀಮಿತವಾಗಿದ್ದರೆ ಉಪ್ಪುಕಾಗದದಿಂದ ತಿಕ್ಕಿ ತೆಗೆದು, ಮತ್ತೆ ಹದ ಮಾಡಿಕೊಂಡು ಊರಿನಲ್ಲಿ ಓಡಿಸಬಹುದು. ಟ್ರ್ಯಾಕಿಗೆ ನಾನಾದರೆ ಒಪ್ಪುವುದಿಲ್ಲ. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಇರಲಿ, ಕಂಪ್ರೆಸರ್ ಗಾಳಿಯಿಂದ ಊದಬೇಡಿ.

ಹದ ಮಾಡುವುದು ಎಂದರೆ ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರುವಂತೆ ಮಾಡುವುದು. ತಯಾರಕರು ಪೊಟ್ಟಣದ ಮೇಲೆ ಕೊಟ್ಟ ಕ್ರಮವೇ ಅಂತಿಮ. ಸಾಮಾನ್ಯ ರೀತಿ ಎಂದರೆ 60ರಿಂದ 15-20ಕ್ಕೆ, ಗಾಡಿ ಪೂರ್ತಿ ನಿಲ್ಲಿಸದೆ, ನಡುವೆ ತುಸು ಅಂತರ ಬಿಟ್ಟು ಎಂಟು-ಹತ್ತು ಸಲ ಇಳಿಸಿ, ಬಳಿಕ ಬ್ರೇಕ್ ಮುಟ್ಟದೆ ತಣಿಯಲು ಬಿಡುವುದು. ಇದನ್ನು ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಮಾಡಲು ಹೋಗಬೇಡಿ. ಆ ರಸ್ತೆ ಎಷ್ಟು ಜೀವ ತೆಗೆದುಕೊಂಡಿದೆ ಎಂದು ನಮ್ಮೂರಿನವರಿಗೆ ಯಾರೂ ಹೇಳಬೇಕಾಗಿಲ್ಲ. ರವಿವಾರ ಬೆಳಿಗ್ಗೆ ಹಿಂದೆ-ಮುಂದೆ ಯಾರೂ ಇಲ್ಲದ ಕೈಗಾರಿಕಾ ಪ್ರದೇಶದ ನೇರ ರಸ್ತೆ ಸಾಕು, ಇಲ್ಲವೇ ಟ್ರ್ಯಾಕಿನ ಮೊದಲ ಸೆಷನ್ನನ್ನೇ ಇದಕ್ಕೆ ಮೀಸಲಿಡಿ.

ಪ್ಯಾಡ್ ದಪ್ಪ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಊರಿನ ಲೆಕ್ಕಕ್ಕೆ ಇನ್ನೂ ಬಹಳ ದಿನ ಬಂದೀತು. ಟ್ರ್ಯಾಕಿಗೆ ಅದು ಸಾಲದು. ತೆಳುವಾದಷ್ಟೂ ಬಿಸಿ ಪಿಸ್ಟನ್ನಿಗೆ ಬೇಗ ದಾಟುತ್ತದೆ, ಹೊಸ ಆಯಿಲ್ ಕೂಡ ಕುದಿಯುವ ಹಾದಿ ಹಿಡಿಯುತ್ತದೆ. ಎರಡು ದೋಷ ಒಟ್ಟಿಗೆ ಬಂದು ತಲೆ ಕೆಡಿಸುವುದು ಇಂಥಲ್ಲೇ.

ತಣ್ಣಗಿರುವಾಗಲೇ ಕಾಣುವ ದೋಷಗಳು

ಇವನ್ನೆಲ್ಲ ಮನೆಯ ಅಂಗಳದಲ್ಲೇ ಹಿಡಿಯಬಹುದು, ಖರ್ಚಿಲ್ಲ.

ಎಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗುವಂತೆ ಮಾಡಿ, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಕಾಲಿನ ಕೆಳಗೆ ಪೆಡಲ್ ಒಂದಿಷ್ಟು ಇಳಿಯಬೇಕು. ಇಳಿಯದೆ ಗಟ್ಟಿಯಾಗಿಯೇ ನಿಂತರೆ, ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ (ನಿರ್ವಾತ) ಸಿಗುತ್ತಿಲ್ಲ. ವ್ಯಾಕ್ಯೂಮ್ ಹೋಸ್ ಬಿರಿದಿರಬಹುದು, ನಡುವಿನ ಏಕಮುಖ ಕವಾಟ ಕೆಟ್ಟಿರಬಹುದು, ಡೀಸೆಲ್ ಗಾಡಿಯಾದರೆ ವ್ಯಾಕ್ಯೂಮ್ ಪಂಪ್ ಸೋತಿರಬಹುದು. ಇದನ್ನು ಪ್ಯಾಡಿನ ದೋಷವೆಂದು ತಪ್ಪು ತಿಳಿಯುವವರು ಬಹಳ, ಎರಡರಲ್ಲೂ ಪೆಡಲ್ ಗಟ್ಟಿ ಇರುತ್ತದಲ್ಲ. ವ್ಯತ್ಯಾಸ ಇಷ್ಟೇ: ಪ್ಯಾಡ್ ಬಿಸಿಯಾದ ಮೇಲೆ ಸೋಲುತ್ತದೆ, ಬೂಸ್ಟರ್ ಮನೆ ಬಾಗಿಲಲ್ಲೇ ಸೋತಿರುತ್ತದೆ.

ಈಗ ಎಂಜಿನ್ ಓಡುತ್ತಿರುವಾಗಲೇ ಪೆಡಲನ್ನು ಹದವಾಗಿ, ಒಂದೇ ಬಲದಲ್ಲಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗೆ ಜಾರುತ್ತ ಹೋದರೆ ಎರಡೇ ಸಾಧ್ಯತೆ. ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಸೀಲು ಬಿಟ್ಟುಕೊಟ್ಟಿದೆ. ನಾಲ್ಕೂ ಚಕ್ರದ ಒಳಮುಖ, ಹೋಸ್‌ನ ಎರಡೂ ತುದಿ, ಹಿಂದಿನ ಡ್ರಮ್ಮಿನ ಕೆಳಗಂಚು ನೋಡಿ, ಒದ್ದೆ ಇದೆಯೇ? ಎಲ್ಲೂ ಒದ್ದೆಯಿಲ್ಲ, ಡಬ್ಬಿಯ ಮಟ್ಟವೂ ಇಳಿದಿಲ್ಲವಾದರೆ ಮಾಸ್ಟರ್ ಸಿಲಿಂಡರ್. ಈ ಲಕ್ಷಣ ಕಂಡ ಗಾಡಿ ಟ್ರ್ಯಾಕಿಗಂತೂ ಬೇಡ, ಸಂತೆಗೂ ಓಡಿಸಬೇಡಿ. ಬಹಳಷ್ಟು ಫ್ರಂಟ್ ವೀಲ್ ಡ್ರೈವ್ ಸಣ್ಣ ಕಾರುಗಳಲ್ಲಿ ಬ್ರೇಕ್ ಪೈಪ್‌ಗಳು ಕರ್ಣರೇಖೆಯಲ್ಲಿ ಎರಡು ಪಾಲಾಗಿರುತ್ತವೆ, ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ. ಒಂದು ಪಾಲು ಪೂರ್ತಿ ಸೋತರೂ ಇನ್ನೊಂದರಿಂದ ಗಾಡಿ ನಿಲ್ಲಲಿ ಎಂಬ ಏರ್ಪಾಟು ಅದು. ನಿಲ್ಲುತ್ತದೆ, ಆದರೆ ಪೆಡಲ್ ಬಹಳ ಉದ್ದವಾಗಿ, ದೂರವೂ ಬಹಳ ಹಿಡಿದು.

ಪೆಡಲ್ ಉದ್ದ ಇದೆ, ಜಾರುವುದಿಲ್ಲ, ಮೆತ್ತಗೂ ಇಲ್ಲ ಎಂದಾದರೆ ಹಿಂದಿನ ಡ್ರಮ್ ನೋಡಿ. ಹ್ಯಾಂಡ್‌ಬ್ರೇಕನ್ನು ಎರಡು-ಮೂರು ಹಲ್ಲು ಎತ್ತಿ ಮತ್ತೆ ಪೆಡಲ್ ಒತ್ತಿ. ಮೊದಲಿಗಿಂತ ಎತ್ತರಕ್ಕೆ ಸಿಕ್ಕಿತೇ? ಹಾಗಾದರೆ ಡ್ರಮ್ಮಿನ ಒಳಮೈಗೆ ಒತ್ತಬೇಕಾದ ಹಿಂದಿನ ಬ್ರೇಕ್ ಶೂಗಳು ಅದರಿಂದ ದೂರ ನಿಂತಿವೆ, ತಾನಾಗಿ ಸರಿಹೊಂದಿಸಿಕೊಳ್ಳುವ ಅಡ್ಜಸ್ಟರ್ ಕಟ್ಟಿಕೊಂಡಿದೆ. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಓಡಾಡುವ ಗಾಡಿಗಳಲ್ಲಿ ಇದು ಬಹಳ. ಮಳೆಗಾಲದಲ್ಲಿ ಎರೆಮಣ್ಣು ಡ್ರಮ್ಮಿನೊಳಗೆ ಹೊಕ್ಕು, ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿ, ಅಡ್ಜಸ್ಟರಿನ ಸ್ಕ್ರೂ ತಿರುಗದಂತೆ ಹಿಡಿಯುತ್ತದೆ. ಡ್ರಮ್ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ, ಅಡ್ಜಸ್ಟರ್ ಬಿಡಿಸಿ, ಹೊಂದಿಸಿದರೆ ಪೆಡಲ್ ಎದ್ದು ನಿಲ್ಲುತ್ತದೆ. ಅಷ್ಟಕ್ಕೆ ಮುಂದಿನ ಪ್ಯಾಡ್ ಬದಲಿಸಿ ಹಣ ಕಳೆದುಕೊಂಡವರನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಲಕ್ಷಣ ಟ್ರ್ಯಾಕಿನಲ್ಲೇ ಕಾಣುವುದು, ಮೂಲ ಮಾತ್ರ ಮನೆಯಲ್ಲಿ ಸಿಗುತ್ತದೆ. ಜೋರು ತಿರುವು ಮುಗಿದ ನಂತರದ ಮೊದಲ ಒತ್ತಿಗೆ ಪೆಡಲ್ ಉದ್ದ, ಎರಡನೆಯದಕ್ಕೆ ಸರಿ. ತಿರುವಿನಲ್ಲಿ ಹಬ್ (ಚಕ್ರ, ಡಿಸ್ಕ್ ಕೂರುವ ಗುಂಬ) ಅಲುಗಾಡಿ, ಡಿಸ್ಕ್ ಓಲಾಡಿ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿದೆ. ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಕಟಕಟ ಅಂದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಚಕ್ರ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗೇ.

ಒಂದೇ ಕಡೆ ಎಳೆದರೆ, ಒಂದೇ ಚಕ್ರ ಸುಟ್ಟರೆ

ಪಿಟ್‌ಗೆ ಬಂದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎಡ ಬಲ ಡಿಸ್ಕ್ ಎರಡನ್ನೂ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಈ ಸಾಧನ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಅಂಕಿಯನ್ನು ನಂಬದೆ ಎರಡರ ವ್ಯತ್ಯಾಸವನ್ನು ಮಾತ್ರ ನಂಬಿ. ಎರಡೂ ಕಡೆ ಅದೇ ಜಾಗ, ಅದೇ ದೂರ. ಟ್ರ್ಯಾಕಿನಲ್ಲಿ ಒಂದು ದಿಕ್ಕಿನ ತಿರುವು ಹೆಚ್ಚಿರುವುದರಿಂದ ಅಲ್ಪ ವ್ಯತ್ಯಾಸ ಸಹಜ. ದೊಡ್ಡ ಅಂತರ ಕಂಡರೆ ಮುಂದೆ ಹೋಗಿ.

ಬಿಸಿ ಹೆಚ್ಚಿರುವ ಚಕ್ರ ತಣಿದ ಮೇಲೆ ಎತ್ತಿ ಕೈಯಿಂದ ತಿರುಗಿಸಿ ನೋಡಿ. ಕಟ್ಟಿಕೊಂಡಿದ್ದರೆ ಆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ ಒಂದಿಷ್ಟು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಹಿಂದಿರುಗದೆ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ಒಂದೇ ಚಕ್ರದಲ್ಲಾದರೆ ಹೊರಗಿನಿಂದ ಚಂದ ಕಂಡರೂ ಒಳಗೆ ಊದಿಕೊಂಡ ಹಳೆ ರಬ್ಬರ್ ಹೋಸ್ ಕಾರಣ. ಹಲವು ಚಕ್ರಗಳಲ್ಲಾದರೆ ಮಾಸ್ಟರ್ ಸಿಲಿಂಡರಿನ ಕಡೆ ನೋಡಿ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ತೊಡಕು ಕ್ಯಾಲಿಪರಿನದೇ: ಪಿಸ್ಟನ್ ತುಕ್ಕು ಹಿಡಿದಿದೆ, ಅಥವಾ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್ ಜಾಮ್ ಆಗಿದೆ. ಒಳಗಿನ ಪ್ಯಾಡ್ ಬಹಳ ಸವೆದು ಹೊರಗಿನದು ದಪ್ಪಗೇ ಉಳಿದಿದ್ದರೆ ಮೊದಲ ಅನುಮಾನ ಸ್ಲೈಡ್ ಪಿನ್ ಮೇಲೆ. ಹೊರತೆಗೆದು ಒರೆಸಿ ಬ್ರೇಕಿಗೆಂದೇ ಮಾಡಿದ, ರಬ್ಬರಿಗೆ ಒಗ್ಗುವ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ರಬ್ಬರನ್ನು ಉಬ್ಬಿಸಿ ಮತ್ತೆ ಅದೇ ರೋಗ ತರುತ್ತದೆ.

ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ "ಡಿಸ್ಕ್ ಬೆಂಡ್ ಆಗೇತಿ" ಎನ್ನುವುದು ರೂಢಿ. ಬಹಳ ಸಲ ಡಿಸ್ಕ್ ಬಾಗಿರುವುದಿಲ್ಲ, ಅದರ ಮೇಲೆ ಪ್ಯಾಡಿನ ವಸ್ತು ಒಂದೆಡೆ ದಪ್ಪಗೆ ಅಂಟಿಕೊಂಡಿರುತ್ತದೆ. ಸೆಷನ್ ಮುಗಿಸಿ ಕೆಂಡದಂಥ ಬಿಸಿಯಲ್ಲೇ ಪೆಡಲ್ ಒತ್ತಿ ಹಿಡಿದು ನಿಂತವರಿಗೆ ಇದು ಖಾತ್ರಿ. ಕೊನೆಯ ಲ್ಯಾಪನ್ನು ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ, ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಇಡಿ.

ಬ್ರೇಕಿನದಲ್ಲದ ಬ್ರೇಕ್ ದೋಷ

ಪೆಡಲ್ ಸರಿ ಇದೆ, ಎಬಿಎಸ್ ಬೇಗಬೇಗ ಟಕಟಕ ಎನ್ನುತ್ತದೆ, ಗಾಡಿ ಜಾರುತ್ತದೆ. ಇಲ್ಲಿ ಸೋತದ್ದು ಟಯರ್. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಟಯರಿನ ಗೀರು ಎಷ್ಟು ಆಳ ಇದ್ದರೂ ಹಳತಾದ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಟ್ಟಿರುತ್ತದೆ. ಗಾಳಿಯ ಒತ್ತಡ ಬಿಸಿಗೆ ಐದಾರು ಪಿಎಸ್‌ಐ ಏರುವುದೂ ಸಾಮಾನ್ಯ, ಸೆಷನ್ ನಡುವೆ ಅಳೆದು ಹೊಂದಿಸಿ. ಅಂದಹಾಗೆ, ಮಧ್ಯೆ ಇಳಿಸಿದ ಗಾಳಿಯನ್ನು ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸುವುದನ್ನು ಮರೆಯಬೇಡಿ.

ಇಎಸ್‌ಪಿ (ಗಾಡಿ ಜಾರದಂತೆ ಹಿಡಿದಿಡುವ ವ್ಯವಸ್ಥೆ) ಇರುವ ಹೊಸ ಗಾಡಿಗಳಲ್ಲಿ ಚಾಲಕ ಒರಟಾಗಿ ತಿರುಗಿಸಿದಷ್ಟೂ ಅದು ತಾನೇ ಚಕ್ರಗಳನ್ನು ಹಿಡಿಯುತ್ತಿರುತ್ತದೆ. ನಿಮ್ಮ ಕಾಲು ಪೆಡಲಿನ ಮೇಲೆ ಇಲ್ಲದಿದ್ದರೂ ಡಿಸ್ಕ್ ಬಿಸಿಯಾಗುತ್ತದೆ. ಅದಕ್ಕೆ ಮದ್ದು ಇಎಸ್‌ಪಿ ಬಂದ್ ಮಾಡುವುದಲ್ಲ. ಹೊಸಬರು ಅದನ್ನು ಬಂದ್ ಮಾಡಲೇಬಾರದು. ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿನುಗದಂತೆ ತಿರುಗಿಸಲು ಕಲಿಯಿರಿ, ಬ್ರೇಕೂ ಉಳಿಯುತ್ತದೆ, ಲ್ಯಾಪ್ ಸಮಯವೂ ಇಳಿಯುತ್ತದೆ. ತಿರುವಿನ ಉದ್ದಕ್ಕೂ ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಹೋಗುವ ಚಾಳಿಯೂ ಡಿಸ್ಕಿಗೆ ತಣಿಯಲು ಬಿಡುವುದಿಲ್ಲ. ನೇರದಲ್ಲಿ ಒಮ್ಮೆ ದೃಢವಾಗಿ ಒತ್ತಿ, ಕೆಲಸ ಮುಗಿಸಿ, ಪೂರ್ತಿ ಬಿಡಿ.

ರಿಪೇರಿ ಮಾಡಿದ ಮೇಲೆ, ಮನೆಗೆ ಹೊರಡುವ ಮೊದಲು

ಏನೇ ಬದಲಿಸಿದ್ದರೂ ಗಾಡಿ ಕದಲಿಸುವ ಮುನ್ನ ಪೆಡಲ್ ಪಂಪ್ ಮಾಡಿ ಎತ್ತರಕ್ಕೆ ತನ್ನಿ. ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದೆ ತಳ್ಳಿರುವುದರಿಂದ ಮೊದಲ ಒತ್ತು ನೆಲಕ್ಕೇ ಹೋಗುತ್ತದೆ, ಗ್ಯಾರೇಜಿನ ಗೋಡೆಗೆ ಗುದ್ದುವುದು ಆಗಲೇ. ಬಳಿಕ ನಡಿಗೆಯ ವೇಗದಲ್ಲಿ, ಆಮೇಲೆ 20ರಲ್ಲಿ, ಆಮೇಲೆ 40ರಲ್ಲಿ ನಿಲ್ಲಿಸಿ ನೋಡಿ. ಚಕ್ರದ ನಟ್‌ಗಳನ್ನು ಕೈಪಿಡಿಯ ಅಂಕಿಗೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ, ಪಾನಾದ ಮೇಲೆ ಹತ್ತಿ ನಿಲ್ಲಬೇಡಿ.

ಟ್ರ್ಯಾಕ್ ದಿನ ಮುಗಿದ ಸಂಜೆ ಎಷ್ಟೇ ಹುರುಪಿದ್ದರೂ ಕೂಡಲೇ ಹೊರಡುವುದು ಬೇಡ. ಗಾಡಿ ಪೂರ್ತಿ ತಣಿಯಲಿ. ಮರುದಿನ ಬೆಳಿಗ್ಗೆ ಪ್ಯಾಡ್ ದಪ್ಪ ನೋಡಿ, ಡಬ್ಬಿಯ ಮಟ್ಟ ನೋಡಿ, ನಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ, ಎಂಜಿನ್ ಬಂದ್ ಇಟ್ಟು ಪೆಡಲ್ ಒತ್ತಿ. ಹುಬ್ಬಳ್ಳಿ ಬಿಡುವ ಮುನ್ನ ಪೆಡಲ್ ಎಷ್ಟು ಎತ್ತರಕ್ಕೆ ಸಿಗುತ್ತಿತ್ತು ಎಂದು ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಂಡಿದ್ದರೆ ಈಗ ಹೋಲಿಸಲು ಸುಲಭ. ಅದಕ್ಕಿಂತ ಕೆಳಗೆ ಹೋಗಿದ್ದರೆ, ಅಥವಾ ಹಿಂದಿನ ದಿನ ಒಮ್ಮೆಯಾದರೂ ಮೆತ್ತಗಾಗಿದ್ದರೆ, ಇನ್ನೊಂದು ಬಾಟಲಿ ಡಾಟ್ 4 ಕೊಂಡು ಕೊಯಮತ್ತೂರಿನಲ್ಲೇ ನಾಲ್ಕೂ ಚಕ್ರ ಬ್ಲೀಡ್ ಮಾಡಿಸಿ, ಪೆಡಲ್ ಮೊದಲಿನ ಎತ್ತರಕ್ಕೆ ಬಂದ ಮೇಲೆಯೇ ಹೆದ್ದಾರಿ ಹಿಡಿಯಿರಿ.